ಖಾಕಿ ಬೈಂಡು ಹೊದ್ದ ಕಥೆಪುಸ್ತಕಗಳು

ಜೂನ್ ಬಂತೆಂದರೆ ನಮ್ಮ ಕಡೆಯ ಮಕ್ಕಳಿಗೆ ಬೈಂಡಿನ ಹುಚ್ಚು. ಹೊಸ ಪಠ್ಯಪುಸ್ತಕ ಕೈಗೆ ಬಂದ ದಿನವೇ ಖಾಕಿ ಕಾಗದ, ಕತ್ತರಿ, ಅಂಟು ಹರಡಿಕೊಂಡು ಮನೆಮಂದಿಯೆಲ್ಲ ಕೂರುತ್ತಾರೆ. ಆದರೆ ಲೈಬ್ರರಿಯ ಕಥೆಪುಸ್ತಕಗಳಿಗೂ ಬೈಂಡು ಹಾಕುವವರನ್ನು ನಾನು ಕಂಡದ್ದು ಈ ವರ್ಷವೇ.

ಸವಳಂಗ ರಸ್ತೆಯ ನಮ್ಮ ಶಾಲೆಯಲ್ಲಿ ನಾನು ಒಂಬತ್ತು, ಹತ್ತನೇ ಕ್ಲಾಸಿಗೆ ಕನ್ನಡ ಟೀಚರು, ಜೊತೆಗೆ ಲೈಬ್ರರಿಯ ಉಸ್ತುವಾರಿ. ಉಸ್ತುವಾರಿ ಎನ್ನುವುದು ಹೆಸರಿಗೆ ಮಾತ್ರ. ಪುಸ್ತಕ ಕೊಡುವುದು, ವಾಪಸ್ ಪಡೆಯುವುದು, ಜೋಡಿಸುವುದು ಎಲ್ಲ ಎಂಟನೇ ಕ್ಲಾಸಿನ ಐದಾರು ಮಕ್ಕಳ ಕೆಲಸ. ಅವರ ಬೆನ್ನಿಗೆ ನಿಲ್ಲುವುದಷ್ಟೇ ನನ್ನದು. ಏನು ಬೇಕಾದರೂ ಬದಲಾಯಿಸಿ, ನನ್ನ ಅಪ್ಪಣೆ ಬೇಡ, ಕಾರಣ ಮಾತ್ರ ಹೇಳಿ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಟೀಮಿನ ಲೀಡರು ಭದ್ರಾವತಿಯ ಜನ್ನಾಪುರದಿಂದ ಬರುವ ಹುಡುಗಿ. ಅವಳ ತಂದೆ ಶಾಲೆಯ ಹತ್ತಿರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಉರ್ದು ಶಾಲೆಯಲ್ಲಿದ್ದ ಮಗಳನ್ನು ಹೋದ ವರ್ಷ ನಮ್ಮಲ್ಲಿಗೆ ತಂದು ಸೇರಿಸಿದ್ದರು. ಹುಡುಗಿ ಕನ್ನಡ ಮಾತಾಡಿದರೆ ಅರಳು ಹುರಿದ ಹಾಗೆ.

ಒಂದು ದಿನ ಟ್ರೇನಿಂಗ್ ಮುಗಿಸಿ ಶಾಲೆಗೆ ಬಂದು ನೋಡುತ್ತೇನೆ, ಕಥೆಪುಸ್ತಕಗಳೆಲ್ಲ ಒಂದೇ ಬಣ್ಣ. ಹುಲಿ, ರಾಜಕುಮಾರಿ, ರಾಕೆಟ್ಟು ಎಲ್ಲವೂ ಖಾಕಿಯೊಳಗೆ ಮಾಯ. ಮೇಲೆ ನಂಬರು ಮಾತ್ರ.

“ಯಾಕ್ರೋ ಇದು?” ಅಂದೆ.

“ಧೂಳಾಗತ್ತೆ ಮಿಸ್,” ಅಂದಳು ಲೀಡರು. ಉಳಿದವರು ಹೂಂಗುಟ್ಟಿದರು.

ಕೆದಕುವುದು ನನ್ನ ಹುಟ್ಟುಗುಣ. ಧೂಳಿಗೆ ಹೆದರುವವರು ಮೇಲಿನ ಸಾಲಿನ ನಿಘಂಟುಗಳನ್ನು ಹಾಗೇ ಬಿಟ್ಟದ್ದೇಕೆ? ಅವುಗಳ ಮೇಲೆ ರಾಗಿ ಬಿತ್ತಬಹುದಿತ್ತು, ಅಷ್ಟು ಧೂಳು. ಹರಿದ ಪುಸ್ತಕ ಮುಚ್ಚಿಟ್ಟಿದ್ದಾರೋ? ರಾಜಕುಮಾರಿಗೆ ಯಾರಾದರೂ ಮೀಸೆ ಬರೆದಿದ್ದಾರೋ? ಬೈಂಡು ಸರಿಸಿ ಎಷ್ಟೋ ಪುಸ್ತಕ ನೋಡಿದೆ. ಎಲ್ಲ ನೆಟ್ಟಗಿದ್ದವು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಿಳಿದುಕೊಳ್ಳದೆ ಬಿಡಬಾರದು ಅನ್ನಿಸಿತು.

ಶುಕ್ರವಾರ ಹೆಡ್‌ಮಿಸ್ ಬಂದು ನೋಡಿದರು. “ಏನ್ ಮಾರಾಯ್ರೆ ಇದು, ಲೈಬ್ರರಿನೋ ರೇಷನ್ ಅಂಗಡಿನೋ? ಸೋಮವಾರದೊಳಗೆ ಎಲ್ಲ ಬಿಚ್ಚಿಸಿ. ಇಲ್ಲಾಂದ್ರೆ ಟೀಮೂ ಬೇಡ ಏನೂ ಬೇಡ, ಬೀಗದಕೈ ನನ್ನ ಹತ್ರಾನೇ ಇರಲಿ.” ಬಾಗಿಲ ಬಳಿ ನಿಂತಿದ್ದ ಲೀಡರ್ ಹುಡುಗಿಯ ಮುಖ ಸಪ್ಪಗಾಯಿತು.

ನನ್ನ ಮನೆಯೂ ಭದ್ರಾವತಿಯಲ್ಲೇ. ಅವತ್ತು ಸಂಜೆ ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಅವಳೊಬ್ಬಳೇ ಕೂತಿದ್ದಳು, ತೊಡೆಯ ಮೇಲೆ ಖಾಕಿ ಪುಸ್ತಕ. ತುಟಿ ಅಲುಗುತ್ತಿತ್ತು. ನಾನು ಪಕ್ಕದಲ್ಲಿ ಬಂದು ಕೂತದ್ದೂ ಅವಳಿಗೆ ಗೊತ್ತಾಗಲಿಲ್ಲ. ಬಗ್ಗಿ ನೋಡಿದೆ. ಪುಟದ ತುಂಬ ಒಂದು ಆನೆ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು. ಒಂದನೇ ಕ್ಲಾಸಿನವರು ಓದುವಂಥದ್ದು. ಅವಳ ಬೆರಳು ಒಂದು ಒತ್ತಕ್ಷರದ ಹತ್ತಿರ ನಿಂತುಬಿಟ್ಟಿತ್ತು.

ನನ್ನನ್ನು ಕಂಡು ಪಟ್ಟನೆ ಮುಚ್ಚಿದಳು. “ತಂಗಿಗೆ ಮಿಸ್.”

“ನೀನು ಒಬ್ಬಳೇ ಮಗಳಲ್ವೇನೇ?”

ಬೈಂಡಿನ ಅಂಚನ್ನು ಉಗುರಿನಿಂದ ಕೆರೆದಳು. ಆಮೇಲೆ ತಾನೇ ಹೇಳಿದಳು. “ಮಾತಾಡೋಕೆ ಬರತ್ತೆ ಮಿಸ್. ಓದೋಕೆ ಆಗಲ್ಲ. ಎಂಟನೇ ಕ್ಲಾಸಿನೋಳು ಆನೆ ಪುಸ್ತಕ ಹಿಡ್ಕೊಂಡು ಬಸ್ ಹತ್ತಿದ್ರೆ ಎಲ್ರೂ ನಗಲ್ವಾ?”

“ಅದೊಂದಕ್ಕೆ ಬೈಂಡ್ ಹಾಕ್ಕೋಬಹುದಿತ್ತಲ್ಲ.”

“ಒಂದಕ್ಕೇ ಹಾಕಿದ್ರೆ ಒಳಗೇನಿದೆ ಅಂತ ಎಲ್ರೂ ನೋಡ್ತಾರೆ. ಎಲ್ಲದಕ್ಕೂ ಹಾಕಿದ್ರೆ ಯಾರೂ ನೋಡಲ್ಲ.”

ಭಲೇ ತಲೆ ಎಂದುಕೊಂಡೆ. ಟೀಮಿನವರಿಗೆ ಗೊತ್ತಾ ಎಂದು ಕೇಳಿದೆ. ಇಲ್ಲವಂತೆ, ಅವರೂ ಧೂಳೆಂದೇ ನಂಬಿ ಕತ್ತರಿ ಹಿಡಿದವರು.

ಶನಿವಾರ ಬೆಳಿಗ್ಗೆ ಬೇಗ ಹೋಗಿ ಹೆಡ್‌ಮಿಸ್ ಮುಂದೆ ನಿಂತೆ. ಹುಡುಗಿಯ ವಿಷಯ ಎತ್ತಲಿಲ್ಲ. ಧೂಳು, ಗೆದ್ದಲು, ಬಾಳಿಕೆ ಎಂದು ತಲೆ ತಿಂದೆ. “ಆಯ್ತು ಮಾರಾಯ್ರೆ, ದಸರಾ ರಜೆವರೆಗೆ ಇರಲಿ,” ಎಂದು ಸಾಕಾಗಿ ಒಪ್ಪಿದರು. ಗೆದ್ದ ಖುಷಿಯಲ್ಲಿ ಗೇಟಿನ ಹತ್ತಿರ ಹೋಗಿ ಅವಳಿಗಾಗಿ ಕಾದೆ.

ಸಿಟಿ ಬಸ್ಸಿನಿಂದ ಇಳಿದಳು. ಕೈಯಲ್ಲಿ ಪುಸ್ತಕವಿತ್ತು, ಬೈಂಡು ಇರಲಿಲ್ಲ. ರಟ್ಟಿನ ಮೇಲಿನ ನೀಲಿ ಆನೆ ಎಲ್ಲರಿಗೂ ಕಾಣುವ ಹಾಗೆ ಎದೆಗೊತ್ತಿ ಹಿಡಿದಿದ್ದಳು. ಹಿಂದೆ ಅವಳ ಕ್ಲಾಸಿನ ಹುಡುಗಿಯರು ಕಿಸಿಕಿಸಿ ನಗುತ್ತಿದ್ದರು.

“ಯಾಕೆ ಬಿಚ್ಚಿದೆ? ನಾನು ಈಗಷ್ಟೇ ಒಪ್ಪಿಸಿ ಬಂದಿದೀನಿ!” ರೇಗಿಯೇಬಿಟ್ಟೆ.

“ನನ್ನೊಬ್ಬಳಿಗೋಸ್ಕರ ಇಡೀ ಟೀಮು ಹೊರಗೆ ಹೋಗೋದು ಬೇಡ ಅನ್ನಿಸ್ತು ಮಿಸ್.”

“ಬಸ್ಸಲ್ಲಿ ನಕ್ರಾ?” ಎಂದು ಕೇಳಿದೆ.

“ನಕ್ರು,” ಅಂದಳು. ಕಣ್ಣು ಕೆಂಪಾಗಿತ್ತು. ಪುಸ್ತಕವನ್ನು ನನ್ನ ಕೈಗಿಟ್ಟಳು. “ಇದು ಓದಿ ಮುಗೀತು ಮಿಸ್. ಇನ್ನೊಂದು ಕೊಡಿ.”