ಕಾಕ ಮನೆಗೆ ಒಯ್ದ ವಯರಿನ ತುಂಡು

ಕಾಕನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವಯರಿನ ಸಿಪ್ಪೆ ಸುಲಿಯಲು ಅವರಿಗೆ ಚೂರಿ ಬೇಡ, ಆ ಉಗುರೇ ಸಾಕು. ನೆಕ್ರಾಜೆಯಲ್ಲಿ ನಮ್ಮ ಸುತ್ತಮುತ್ತಲಿನ ಮನೆಗಳಿಗೆಲ್ಲ ವಯರಿಂಗ್ ಮಾಡಿದವರು ಅವರು. ಬ್ಯಾರಿ ಮುಸ್ಲಿಮರಾದ ಅವರು ಊರಿಗೆಲ್ಲ ಕಾಕ. ಕ್ರಿಶ್ಚಿಯನ್ ಹೆಂಗಸಾದ ನಾನು ಅವರ ಬಾಯಲ್ಲಿ ಬಾಯಮ್ಮ.

ಕೆಲಸ ಮುಗಿದ ಮೇಲೆ ಉಳಿದ ವಯರಿನ ತುಂಡನ್ನು ಸುತ್ತಿ, ಯಾರನ್ನೂ ಕೇಳದೆ ಕಂಕುಳಿಗೆ ಸೇರಿಸಿಕೊಂಡು ಹೊರಡುತ್ತಿದ್ದರು. ಅವರ ಮನೆಯ ವಯರಿಂಗ್ ಪೂರ್ತಿ ಊರಿನವರ ತುಂಡುಗಳಿಂದಲೇ ಆದದ್ದು. "ಈ ಫ್ಯಾನ್ ತಿರುಗುವುದು ನಿಮ್ಮ ವಯರಿನಲ್ಲಿ ಬಾಯಮ್ಮ, ಗಾಳಿ ಮಾತ್ರ ನಮ್ಮದು" ಎಂದು ನಗುವರು. ತಪ್ಪು ಒಪ್ಪಿಕೊಳ್ಳುವುದರಲ್ಲಿ ಮಾತ್ರ ಜಗಮೊಂಡ. ಒಮ್ಮೆ ನಮ್ಮ ಅಡುಗೆಮನೆಯ ಸ್ವಿಚ್ಚನ್ನು ತಲೆಕೆಳಗಾಗಿ ಕೂರಿಸಿದ್ದರು. ತೋರಿಸಿದರೆ, "ಸ್ವಿಚ್ ಸರಿಯೇ ಉಂಟು, ನಿಮಗೆ ಅಭ್ಯಾಸ ಇಲ್ಲ" ಅಂದರು. ಈಗಲೂ ಅದನ್ನು ಮೇಲಕ್ಕೆ ಒತ್ತಿದರೇ ದೀಪ ಹತ್ತುವುದು.

ನನ್ನ ಗಂಡನಿಗೆ ಶ್ವಾಸಕೋಶ ಕೆಟ್ಟು, ಮಲಗಿದಾಗ ಆಮ್ಲಜನಕದ ಮೆಷಿನ್ ಬೇಕೇ ಬೇಕೆಂದಾಯಿತು. ಮನೆಯೊಳಗೇ ಕೂತು ಕೂತು ಮನುಷ್ಯ ಮಂಕಾದ. ತಿರುಗಾಡಲೆಂದು ಹಳೆಯ ವ್ಯಾನೊಂದನ್ನು ತಂದೆವು. ಒಳಗೆ ಹಾಸಿಗೆ, ಮಾಡಿನ ಮೇಲೆ ಸೋಲಾರ್ ಪ್ಯಾನೆಲ್, ಹಿಂದೆ ಬ್ಯಾಟರಿ, ಮೆಷಿನ್ ಓಡಿಸಲು ಇನ್ವರ್ಟರ್. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ವಯರನ್ನು ಕಾಕ ಹಾಸಿಗೆಯ ಅಡಿಯಲ್ಲೇ ಎಳೆದರು. ಮನೆಯ ಪ್ಲಗ್ಗಿಗೆ ಹಾಕುವಂಥದ್ದೇ ತೆಳು ವಯರು.

"ಇಷ್ಟು ಸಪೂರ ಸಾಕಾ ಕಾಕ?"

"ಹನ್ನೆರಡು ವೋಲ್ಟ್ ಅಂದ್ರೆ ಎಂತ ಬಾಯಮ್ಮ? ಮುಟ್ಟಿದರೆ ಶಾಕ್ ಕೂಡ ಹೊಡೆಯುವುದಿಲ್ಲ."

ಅಂಗಳದಲ್ಲಿ ಸ್ವಲ್ಪ ಹೊತ್ತು ಮೆಷಿನ್ ಓಡಿಸಿ ನೋಡಿದೆವು, ಚೆನ್ನಾಗಿಯೇ ಓಡಿತು. ನಿಲ್ಲುವ ಜಾಗವನ್ನು ಕಾಕನಿಗೆ ಹೇಳಿ, ದೇಲಂಪಾಡಿಯ ಕಾಡಂಚಿಗೆ ಹೊರಟೆವು. ಊಟವಾದ ಮೇಲೆ ಗಂಡ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ. ಸೊಳ್ಳೆಗೆಂದು ಬಾಗಿಲು ಮುಚ್ಚಿ ನಾನು ಹೊರಗೆ ಪಾತ್ರೆ ತೊಳೆಯುತ್ತಿದ್ದೆ.

ಅದೇ ಹೊತ್ತಿಗೆ ಕಾಕನ ಮನೆಯಲ್ಲಿ ನಡೆದದ್ದನ್ನು ಅವರ ಹೆಂಡತಿ ಆಮೇಲೆ ಹೇಳಿದರು. ನಮ್ಮ ವ್ಯಾನಿನಲ್ಲಿ ಉಳಿದ ತುಂಡನ್ನು ಕಾಕ ತಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೆ ಕಟ್ಟಿದ್ದರು. ಕರೆಂಟ್ ಹೋಗಿತ್ತು. ಆಕೆ ಕಾಯಿ ಅರೆಯಲು ಮಿಕ್ಸಿ ಹಾಕಿದ್ದೇ ತಡ, ಸುಟ್ಟ ವಾಸನೆ. ಕಾಕ ಆ ತುಂಡನ್ನು ಮುಟ್ಟಿ ಕೈ ಎಳೆದುಕೊಂಡರು. "ಯಾ ಅಲ್ಲಾ, ಅಲ್ಲಿ ಇದೇ ವಯರಿನ ಮೇಲೆ ಮನುಷ್ಯ ಮಲಗಿದ್ದಾನೆ" ಎಂದವರೇ ನನಗೆ ಫೋನ್ ಮಾಡಿದರು. ಕಾಡಿನಲ್ಲಿ ರೇಂಜ್ ಎಲ್ಲಿಯದು? ಅಂಗಿಯನ್ನೂ ಹಾಕದೆ ಓಡಿ ರಿಕ್ಷಾ ಹತ್ತಿದರಂತೆ.

ರಿಕ್ಷಾ ಏರು ಹತ್ತದೆ ನಿಂತಲ್ಲಿಂದ ಮತ್ತೆ ಓಟ. ಗೇರುಮರಗಳ ನಡುವೆ ಬನಿಯನ್ನಿನಲ್ಲಿ ಓಡಿ ಬರುತ್ತಿದ್ದ ಕಾಕನನ್ನು ಕಂಡು ನನಗೆ ಮೊದಲು ನಗು ಬಂತು.

"ಬಂದ್ ಮಾಡಿ ಬಾಯಮ್ಮ! ಮೆಷಿನ್ ಬಂದ್ ಮಾಡಿ! ವಯರು ಹತ್ತಿಕೊಳ್ತದೆ!"

ಬಂದ್ ಮಾಡಿದರೆ ಉಸಿರು? "ಫ್ಯೂಸ್ ಉಂಟಲ್ಲ?" ಎಂದು ಕೂಗಿದೆ.

"ಅದು ದೊಡ್ಡದು ಹಾಕಿದ್ದೇನೆ. ಅದು ಹೋಗುವ ಮೊದಲು ವಯರೇ ಉರೀತದೆ!"

ಬಾಗಿಲು ತೆಗೆದರೆ ಪ್ಲಾಸ್ಟಿಕ್ ಕಾದ ವಾಸನೆ ಮುಖಕ್ಕೆ ಹೊಡೆಯಿತು. ಆಪತ್ತಿಗೆಂದು ಇಟ್ಟಿದ್ದ ಸಣ್ಣ ಸಿಲಿಂಡರಿನ ತಿರುಪು ನನ್ನ ಕೈಗೆ ಬಗ್ಗಲಿಲ್ಲ. ಕಾಕ ಕಿತ್ತುಕೊಂಡು ತಿರುಗಿಸಿದರು. ನಳಿಗೆಯನ್ನು ಅದಕ್ಕೆ ಸಿಕ್ಕಿಸಿ, ಗಂಡನ ಎದೆ ಏರಿಳಿಯುವುದನ್ನು ಕಂಡ ಮೇಲೆಯೇ ನಾನು ಮೆಷಿನ್ ಆರಿಸಿದ್ದು. ಇಬ್ಬರೂ ಸೇರಿ ಅವನನ್ನು ಕೆಳಗಿಳಿಸಿದೆವು. ಕಾಕ ಹಾಸಿಗೆ ಎತ್ತಿದರು. ಅಡಿಯ ಹಲಗೆ ಕಾದು ಕಂದುಬಣ್ಣಕ್ಕೆ ತಿರುಗಿತ್ತು. ವಯರಿಗೆ ಉಗುರು ಒತ್ತಿದರೆ ಮೆತ್ತನೆಯ ಬೆಲ್ಲಕ್ಕೆ ಇಳಿದ ಹಾಗೆ ಇಳಿಯಿತು.

"ಕೊಂದೇಬಿಡುತ್ತಿದ್ದಿರಲ್ಲ!" ಎಂದು ಕಿರುಚಿದೆ. ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಹಿಂದಿನಿಂದ ಏದುಸಿರು ಬಿಡುತ್ತ ಬಂದ ರಿಕ್ಷಾದವನ ಎದುರೇ ಕಾಕ ತಲೆ ತಗ್ಗಿಸಿದರು. "ತಪ್ಪಿದ್ದು ನಾನು. ಅದೇ ಮೆಷಿನ್ ಓಡಲು ವೋಲ್ಟ್ ಕಡಿಮೆ ಆದಷ್ಟು ಕರೆಂಟ್ ಜಾಸ್ತಿ ಹರಿಯಬೇಕು, ಸಪೂರ ವಯರು ತಡೆಯುವುದಿಲ್ಲ. ನಾನು ಮನೆಯ ಲೆಕ್ಕದಲ್ಲಿ ಹಾಕಿಬಿಟ್ಟೆ."

ಗಂಡ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದ: "ಓಡಿ ಬಂದರಲ್ಲ ಮಾರಾಯ್ತಿ. ಬಿಡು."

ಮರುವಾರ ಕಾಕ ಹೆಬ್ಬೆರಳು ದಪ್ಪದ ವಯರು ತಂದು ಎಲ್ಲವನ್ನೂ ಬದಲಿಸಿದರು. ವಯರಿನ ಉದ್ದದ ಲೆಕ್ಕಕ್ಕೆ ಕರೆಂಟ್ ಹೋಗುವ ದಾರಿಯ ಜೊತೆಗೆ ಮರಳಿ ಬರುವ ದಾರಿಯನ್ನೂ ಅಳೆದರು. ಮೆಷಿನ್ ಹಾಕಿ, ಸಂಜೆಯವರೆಗೂ ವಯರಿನ ಮೇಲೆ ಅಂಗೈ ಇಟ್ಟು ಕೂತರು. ಹೊರಡುವಾಗ ಉಳಿದ ತುಂಡು ನಮ್ಮ ಜಗಲಿಯ ಮೇಲೇ ಇತ್ತು. ಕಾಕ ಅದನ್ನು ಮುಟ್ಟಿರಲಿಲ್ಲ. ಗೇಟಿನವರೆಗೆ ಓಡಿ, ಅದನ್ನು ಅವರ ಕಂಕುಳಿಗೆ ತುರುಕಿದೆ. "ಒಯ್ಯಿರಿ ಕಾಕ, ನಿಮ್ಮ ಮಿಕ್ಸಿಗೆ ಬೇಕಲ್ಲ" ಎಂದೆ. ಅವರ ಕಣ್ಣು ಒದ್ದೆಯಾಯಿತು.

ಈ ಮಳೆಗಾಲದಲ್ಲಿ ಕಾಕ ತೀರಿಕೊಂಡರು. ಗಂಡಸರು ಅವರನ್ನು ಮಸೀದಿಗೆ ಹೊತ್ತು ನಡೆದಾಗ ನನ್ನ ಗಂಡನೂ ನಿಧಾನವಾಗಿ ಹೆಜ್ಜೆ ಹಾಕುತ್ತ ಹಿಂದೆ ಹೋದ. ನಾವು ಹೆಂಗಸರು ಒಳಗೆ ಕೂತಿದ್ದೆವು. ಜೋರು ಮಳೆ, ಕರೆಂಟ್ ಹೋಯಿತು. ಕಾಕನ ಹೆಂಡತಿಯ ತಲೆಯ ಮೇಲಿನ ಫ್ಯಾನ್ ಮಾತ್ರ ನಿಲ್ಲಲಿಲ್ಲ. ನಾನು ಎದ್ದು ಮೂಲೆಯಲ್ಲಿದ್ದ ಇನ್ವರ್ಟರಿನ ಹತ್ತಿರ ಹೋದೆ. ನಮ್ಮ ವ್ಯಾನಿನ ಆ ದಪ್ಪ ತುಂಡು ಅಲ್ಲಿತ್ತು. ಕಾಕ ಕೂತ ಹಾಗೆಯೇ ಕೂತು ಅದರ ಮೇಲೆ ಅಂಗೈ ಇಟ್ಟೆ.

ತಣ್ಣಗಿತ್ತು.