ಹತ್ತಾದ ಹೊಸ್ತಿಲು

ಶುಕ್ರವಾರ ಬೆಳಿಗ್ಗೆ ಏಳಕ್ಕೆ ದುಬೈನ ದೇರಾದಿಂದ ಬಸ್ ಹಿಡಿದೆವು. ನಾನು, ಹೆಂಡತಿ ಶೈಲಾ, ಎಂಟು ವರ್ಷದ ಮಗಳು ಪೂಜಾ ಮತ್ತು ಯಮನಪ್ಪ ಕಾಕಾ. ಹತ್ತಾ ಎಂಬ ಊರಿಗೆ ತಲೆಗೆ ಹತ್ತು ದಿರ್ಹಂ, ದಾರಿ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮುರಕ್ಕಬಾತಿನ ಆಫೀಸೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಾ ಒಂಬತ್ತು ವರ್ಷ ಕಳೆದಿದ್ದೆ, ಈ ಬೆಟ್ಟದ ಊರಿನ ಕಡೆ ತಲೆ ಹಾಕಿರಲಿಲ್ಲ. ಆವತ್ತು ಹೊರಟಿದ್ದೂ ಕಾಕಾನ ಹಟಕ್ಕೆ.

ಕಾಕಾ ರಕ್ತಸಂಬಂಧಿಯಲ್ಲ. ಗುಳೇದಗುಡ್ಡದಲ್ಲಿ ನಮ್ಮ ಓಣಿಯ ಗೌಂಡಿ, ನಮ್ಮ ಮನೆ ಕಟ್ಟಿದವನು. ಮುಹೈಸ್ನಾದ ಕೂಲಿಗಾರರ ಕ್ಯಾಂಪಿನಲ್ಲಿದ್ದುಕೊಂಡು ಹನ್ನೊಂದು ವರ್ಷ ಎತ್ತರದ ಕಟ್ಟಡಗಳಿಗೆ ಕಾಂಕ್ರೀಟು ಸುರಿದಿದ್ದ. ಆದರೆ ಬಾಯಿಬಿಟ್ಟರೆ ಹತ್ತಾದ್ದೇ ಸುದ್ದಿ. ಅಲ್ಲಿ ಬಿದ್ದುಹೋಗಿದ್ದ ಹಳೆಯ ಕಲ್ಲುಮಣ್ಣಿನ ಮನೆಗಳನ್ನು ಪ್ರವಾಸಿಗರಿಗೆಂದು ಮತ್ತೆ ಎತ್ತಿ ನಿಲ್ಲಿಸುವಾಗ ಎಂಟು ತಿಂಗಳು ದುಡಿದಿದ್ದ. ಈಗ ವೀಸಾ ಖಲಾಸ್ ಆಗಿ ಮರುದಿನವೇ ವಿಮಾನ ಹತ್ತುವವನಿದ್ದ.

"ನಾ ಕಟ್ಟಿದ ಮನ್ಯಾಗ ನಿಂತು ಒಂದ ಫೋಟೋ ಬೇಕೋ ಶಂಕರ" ಎಂದಿದ್ದ. "ದುಬೈದಾಗ ಕಲ್ಲಿನ ಮನಿ ಕಟ್ಟೀನಿ ಅಂದ್ರ ನಿಮ್ಮ ಕಾಕೂ ನಗತಾಳ. ಅಕಿಗಿ ತೋರಿಸಬೇಕು."

ಅದಕ್ಕೆಂದೇ ಹೊಸ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ತೊಟ್ಟುಕೊಂಡಿದ್ದ. ಮಾತು ಕೊಟ್ಟ ನಾನು ಕ್ಯಾಮೆರಾಕ್ಕೆ ಮೂವತ್ತಾರು ಫೋಟೋದ ಹೊಸ ರೀಲು ಹಾಕಿದ್ದೆ.

ಕೆಂಪು ಮರಳಿನ ದಿಬ್ಬಗಳು ಬಂದವು. ನಡುವೆ ಒಮಾನಿನ ನೆಲ ಬಂತು, ಹೋಯಿತು, ಯಾರೂ ಏನೂ ಕೇಳಲಿಲ್ಲ. ಆಮೇಲೆ ಹುಲ್ಲುಕಡ್ಡಿಯಿಲ್ಲದ ಬೆಟ್ಟಗಳು. ಕಾಕಾ ಕಿಟಕಿಗೆ ಮುಖ ಹಚ್ಚಿ ಕುಳಿತ. "ಈ ಕಲ್ಲ ನಮ್ಮೂರ ಕಲ್ಲಿನಂಗ ಮಾತ ಕೇಳಂಗಿಲ್ಲ. ಆರಿಸಿ ಆರಿಸಿ ಕೂಡಸಬೇಕು" ಎಂದ.

ಹತ್ತಾ ಚೆಂದದ ಊರು, ಇಲ್ಲವೆನ್ನುವುದಿಲ್ಲ. ಗುಡ್ಡದ ಮೇಲೆ ಎರಡು ದುಂಡನೆಯ ಕಾವಲು ಬುರುಜು, ಕೆಳಗೆ ಖರ್ಜೂರದ ತೋಟ, ಕಾಲುವೆಯಲ್ಲಿ ತಿಳಿನೀರು. ಜನವರಿಯ ಬಿಸಿಲು ಹಿತವಾಗಿತ್ತು. ಕಾಲುವೆಯ ಬದಿಗೆ ಕುಳಿತು ಶೈಲಾ ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಆದರೆ ಹಳೆಯ ಮನೆಗಳಲ್ಲಿ ಒಂದು ನರಪಿಳ್ಳೆಯೂ ವಾಸವಿರಲಿಲ್ಲ. ಒಲೆಯಲ್ಲಿ ಬೂದಿಯಿಲ್ಲ, ಕೊಡದಲ್ಲಿ ನೀರಿಲ್ಲ. ಅರಬರ ಉದ್ದ ನಿಲುವಂಗಿ ಕಂದೂರ ತೊಡಿಸಿದ ಆಳೆತ್ತರದ ಗೊಂಬೆಗಳು ಜಮಖಾನದ ಮೇಲೆ ಕುಳಿತು ಖಾಲಿ ಬಟ್ಟಲಲ್ಲಿ ಕಾಫಿ ಕುಡಿಯುತ್ತಿದ್ದವು.

ಕಾಕಾ ಒಂದು ಮನೆಯ ಮುಂದೆ ನಿಂತ. "ಇದ" ಎಂದ, ಅಷ್ಟೇ. ಗೋಡೆಯ ಮೂಲೆಗಲ್ಲಿನ ಮೇಲೆ ಅಂಗೈ ಇಟ್ಟ. ಪೂಜಾ ಒಳಗೆ ಓಡಿದಳು, ಅವಳ ಹಿಂದೆ ನಾವು.

ಒಳಗೆ ತಂಪಾಗಿತ್ತು. ಗೊಂಬೆಗಳ ಪಕ್ಕ ಪೂಜಾ, ಗೂಡಿನ ಹತ್ತಿರ ಶೈಲಾ, ಶೈಲಾಳ ಕೈಗೆ ಕ್ಯಾಮೆರಾ ಕೊಟ್ಟು ಗೋಡೆಗೆ ಒರಗಿ ನಾನು. "ಪಪ್ಪಾ, ಒನ್ ಮೋರ್!" ಎಂದು ಮಗಳು ಕುಣಿಯುತ್ತಿದ್ದಳು, ನಾನು ಒತ್ತುತ್ತಲೇ ಇದ್ದೆ.

"ಕಾಕಾ ಎಲ್ಲಿ ಹೋದ್ರು ನೋಡ್ರಿ" ಎಂದಳು ಶೈಲಾ.

"ಬೀಡಿ ಸೇದಾಕತ್ತಿರಬೇಕು, ಬರ್ತಾನ ಬಿಡು" ಎಂದೆ. ಕೊನೆಯ ಫೋಟೋ ಅವನಿಗೆಂದು ಲೆಕ್ಕ ಇಟ್ಟಿದ್ದೆ. ನನ್ನ ಲೆಕ್ಕದ ಬಾಯಿಗೆ ಮಣ್ಣು ಹಾಕ! ಕ್ಯಾಮೆರಾ ಗುರ್ ಎಂದು ರೀಲನ್ನು ಹಿಂದಕ್ಕೆ ಸುತ್ತಿಕೊಳ್ಳತೊಡಗಿತು.

ಹೊರಗೆ ಬಂದರೆ ಕಾಕಾ ಬಾಗಿಲ ಬದಿಯಲ್ಲಿ ನಿಂತಿದ್ದ. ಕೈಯಲ್ಲಿ ಬೀಡಿ ಇರಲಿಲ್ಲ. ತಲೆ ಬಾಚಿಕೊಂಡಿದ್ದ, ಚಪ್ಪಲಿ ಬಿಟ್ಟು ಪಕ್ಕಕ್ಕೆ ಜೋಡಿಸಿಟ್ಟಿದ್ದ. ರೀಲು ಮುಗಿದದ್ದನ್ನು ಹೇಳಿದೆ. "ಹೌದಾ" ಎಂದು ಚಪ್ಪಲಿ ಮೆಟ್ಟಿದ. ರೀಲಿಗಾಗಿ ಅಂಗಡಿ ಹುಡುಕಿಕೊಂಡು ಓಡಿದೆ. ಶುಕ್ರವಾರದ ನಮಾಜಿನ ಹೊತ್ತು, ಎಲ್ಲ ಮುಚ್ಚಿದ್ದವು. ತೆರೆಯುವ ಹೊತ್ತಿಗೆ ನಮ್ಮ ಬಸ್ಸು ಬಂದು ನಿಂತಿತ್ತು.

ಬಸ್ಸಿನಲ್ಲಿ ತಡೆಯಲಾರದೆ ಕೇಳಿದೆ. "ನೀ ಒಳಗ ಯಾಕ ಬರಲಿಲ್ಲ ಕಾಕಾ?"

"ಯಾರೂ ಕರೀಲಿಲ್ಲಲ್ಲೋ."

ಆಗ ನೆನಪಾಯಿತು. ನಮ್ಮ ಓಣಿಯಲ್ಲಿ ಕೆಲಸ ಮುಗಿದ ಮೇಲೆ ಗೌಂಡಿ ತಾನಾಗಿ ಹೊಸ್ತಿಲು ದಾಟುವುದಿಲ್ಲ. ಮಾಲಕ ಬಾಗಿಲಿಗೆ ಬಂದು, ಧೋತರದ ಆಯಾರ ಕೊಟ್ಟು, "ಬಾರಪಾ ಒಳಗ" ಎಂದು ಕರೆಯಬೇಕು. ನಮ್ಮ ಮನೆಯಲ್ಲಿ ಇದೇ ಯಮನಪ್ಪನನ್ನು ಅಪ್ಪ ಹಾಗೆ ಕರೆದಿದ್ದ. ಆಯಾರದ ತಟ್ಟೆ ಹಿಡಿದು ಅಪ್ಪನ ಪಕ್ಕ ನಿಂತಿದ್ದವನು ನಾನೇ.

"ಕೆಲಸ ಮುಗದ ದಿನ ಕಂಪನಿ ಬಸ್ ಬಂತು, ಯಲ್ಲಾ ಯಲ್ಲಾ, ಲಗೂ ನಡೀರಿ ಅಂದ್ರು, ಹತ್ತಿ ಹೋದ್ವಿ" ಎಂದ ಕಾಕಾ. "ಅವರಿಗಿ ನಮ್ಮ ಪದ್ಧತಿ ಏನ ಗೊತ್ತು, ಪಾಪ. ನೀನಾರ ಕರೀತೀ ಅಂತ ನಿಂತಿದ್ನೋ."

ಮುಹೈಸ್ನಾದ ಗೇಟಿನಲ್ಲಿ ಅವನನ್ನು ಬಿಟ್ಟೆವು. ಪೂಜಾಳ ತಲೆ ಸವರಿ, ತಿರುಗಿ ನೋಡದೆ ಒಳಗೆ ಹೋದ.

ವಾರದ ಮೇಲೆ ಫೋಟೋಗಳು ಬಂದವು. ಮೂವತ್ತಾರೂ ಚೆನ್ನಾಗಿ ಬಂದಿದ್ದವು. ಒಂದರಲ್ಲಿ ಪೂಜಾ ನಗುತ್ತಿದ್ದಾಳೆ, ಅವಳ ಹಿಂದೆ ತೆರೆದ ಬಾಗಿಲು. ಹೊಸ್ತಿಲಿನ ಆಚೆ ಬಿಸಿಲಲ್ಲಿ ಬಿಳಿ ಅಂಗಿಯ ಒಂದು ತೋಳು, ಎರಡು ಬರಿಗಾಲು. ಗುಳೇದಗುಡ್ಡಕ್ಕೆ ಕಳಿಸಲು ಕಾಕಾನ ಫೋಟೋ ಎಂದು ನನ್ನ ಬಳಿ ಇರುವುದು ಅದೊಂದೇ.