ಕಲ್ಲಿನ ಕೆಳಗೆ ಕಾಫಿ

ನಮ್ಮಪ್ಪ ದೊಡ್ಡ ಕಲ್ಲೊಂದರ ಕೆಳಗೆ ಕೂತು ಕಾಫಿ ಕುಡಿಯುವುದನ್ನು ನೋಡಲು ಕರಾವಳಿಯ ಜನ ಘಟ್ಟ ಹತ್ತಿ ಬರುತ್ತಿದ್ದರು. ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ನಮ್ಮ ಮನೆಯ ಒಲೆ ಉರಿದದ್ದು ಆ ಕಾಫಿಯಿಂದಲೇ.

ಬೀರೂರಿನಿಂದ ಕಡೂರಿಗೆ ಹೋಗುವ ರಸ್ತೆಯ ಪಕ್ಕ ನಮ್ಮದೊಂದು ತಗಡಿನ ಶೆಡ್ ಇದೆ. ಅಲ್ಲಿ ಹಡಗುಗಳ ಹೈಡ್ರಾಲಿಕ್ ಮೋಟಾರು ರಿಪೇರಿ ಮಾಡುತ್ತೇವೆ. ಹಡಗಿನ ಡೆಕ್ಕಿನ ಮೇಲೆ ಲಂಗರು ಎತ್ತಲು, ಸರಕು ಇಳಿಸಲು ವಿಂಚ್ ಎಂಬ ಯಂತ್ರ ಇರುತ್ತದೆ. ಅದನ್ನು ತಿರುಗಿಸುವುದು ಒತ್ತಡದ ಎಣ್ಣೆಯಿಂದ ಓಡುವ ಈ ಮೋಟಾರು. ಅಪ್ಪ ಪ್ರಾಯದಲ್ಲಿ ಹಡಗಿನಲ್ಲಿ ಫಿಟ್ಟರ್ ಆಗಿದ್ದ. ಕೆಲಸ ಬಿಟ್ಟು ಬಂದವನು ಬಂದರಿನ ಹತ್ತಿರ ಅಂಗಡಿ ಹಾಕದೆ ಊರಿಗೇ ಬಂದ. ಉಪ್ಪುಗಾಳಿ ಇಲ್ಲದ ಕಡೆ ಬಿಚ್ಚಿಟ್ಟ ಭಾಗಗಳಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ. "ಕಡೂರಿನ್ ಕೆರೆಗೆ ಹಡಗು ಬಿಡ್ತೀಯೇನಪ್ಪಾ?" ಎಂದು ಅಂಗಡಿ ಬೀದಿಯವರು ಗೇಲಿ ಮಾಡಿದರು. ಆದರೆ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಮಂಗಳೂರಿನ ಕಡೆಯಿಂದ ಲಾರಿಯಲ್ಲಿ ಮೋಟಾರುಗಳು ಬರತೊಡಗಿದವು.

ರಿಪೇರಿಯಾದ ಮೋಟಾರಿಗೆ ಅಪ್ಪ ಒಂದು ಪರೀಕ್ಷೆ ಇಟ್ಟಿದ್ದ. ಶೆಡ್ಡಿನ ಮಧ್ಯೆ ವಿಂಚ್, ಅದರ ತಂತಿಗೆ ತೂಗುಹಾಕಿದ ಚಪ್ಪಡಿ ಕಲ್ಲು, ಕಲ್ಲಿನ ನೇರ ಕೆಳಗೆ ಸಿಮೆಂಟಿನ ಒಂದು ಕಟ್ಟೆ. ವಿಂಚಿನ ಬ್ರೇಕನ್ನು ಬಿಚ್ಚಿ ತೆಗೆದಿರುತ್ತಿದ್ದ. ಅಂದರೆ ಕಲ್ಲನ್ನು ಹಿಡಿದು ನಿಲ್ಲಿಸುವುದು ಮೋಟಾರಿನೊಳಗಿನ ಎಣ್ಣೆ ಮಾತ್ರ. ಮೋಟಾರು ಸವೆದಿದ್ದರೆ ಎಣ್ಣೆ ಒಳಗೊಳಗೇ ಸೋರಿ ಕಲ್ಲು ಮೆಲ್ಲನೆ ಇಳಿಯುತ್ತದೆ. ಮೋಟಾರು ಜೋಡಿಸಿದವನು ಕಟ್ಟೆಯ ಮೇಲೆ ಕೂತು, ಗಿರಾಕಿಯ ಎದುರಿಗೆ ಒಂದು ಲೋಟ ಕಾಫಿ ಕುಡಿದು ಏಳಬೇಕು. ಕಲ್ಲು ಕದಲಬಾರದು. ಅಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು ಕುಡಿಯುತ್ತಿದ್ದ. ಗಿರಾಕಿಗಳು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗುತ್ತಿದ್ದರು.

ನನ್ನ ತಮ್ಮನಿಗೆ ಆ ಕಟ್ಟೆಯೇ ಯಮ. ಕೈಯಲ್ಲಿ ಒಳ್ಳೆಯ ಕೆಲಸವಿತ್ತು, ಎಣ್ಣೆ ಸೋರದಂತೆ ತಡೆಯುವ ಸಣ್ಣ ಸೀಲನ್ನು ಕೂಸಿನ ಕಿವಿ ಮುಟ್ಟಿದಷ್ಟು ನಯವಾಗಿ ಕೂರಿಸುತ್ತಿದ್ದ. ಆದರೆ ಕಲ್ಲಿನ ಕೆಳಗೆ ಕೂತರೆ ಲೋಟ ನಡುಗಿ ಕಾಫಿ ಪ್ಯಾಂಟಿನ ಮೇಲೆ ಚೆಲ್ಲುತ್ತಿತ್ತು. ಅಪ್ಪ ಅದನ್ನು ಗಿರಾಕಿಗಳಿಗೆ ತೋರಿಸುತ್ತಿದ್ದ. "ನೋಡ್ರೀ, ನಮ್ ಪುಕ್ಲ ಉಚ್ಚೆ ಹೊಯ್ಕೊಂಡ" ಎಂದು ಹೇಳಿ, ಅವನ ಹಾಗೆಯೇ ಕೈ ನಡುಗಿಸಿ ಅಭಿನಯಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ. ಅವನು ಹಾಗೆ ನಗುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಬೇರೆ ಕಡೆ ಕೆಲಸ ಹುಡುಕಿಕೋ ಎಂದರೆ, "ಈ ಮೋಟಾರ್ ಕೆಲ್ಸ ಬಿಟ್ಟು ಎಲ್ಲಿಗ್ ಹೋಗ್ಲಿ ಅಕ್ಕಾ?" ಎನ್ನುತ್ತಿದ್ದ. ಒಂದಲ್ಲ ಒಂದು ದಿನ ಅವನು ಆ ಕಲ್ಲಿನ ಕೆಳಗಿಂದ ಏಳದೇ ಹೋಗುತ್ತಾನೆ ಎಂಬ ಭಯ ನನ್ನನ್ನು ಬಿಟ್ಟದ್ದೇ ಇಲ್ಲ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಮದುವೆಯಾಗಿ ಅಜ್ಜಂಪುರಕ್ಕೆ ಹೋದರೂ ಬೆಳಗಿನ ರೈಲು ಹಿಡಿದು ಬೀರೂರಿಗೆ ಬಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಮಠದ ದಾಸೋಹದಲ್ಲಿ ಬಡಿಸಲು ನಿಂತರೆ ಅತ್ತೆ ನನ್ನ ಉಗುರಿನ ಕಪ್ಪು ನೋಡಿ ಸೌಟು ಕಿತ್ತುಕೊಳ್ಳುತ್ತಿದ್ದರು. ಅದು ಇರಲಿ. ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಬೇರೆ. ನಮ್ಮಲ್ಲಿ ಒಂದು ಕೂದಲೆಳೆಯಷ್ಟೂ ಜಾರದ ಮೋಟಾರುಗಳು ಸಮುದ್ರಕ್ಕೆ ಹೋಗಿ ಯಾಕೆ ಭಾರ ಹಿಡಿಯದೆ ಜಾರುತ್ತವೆ? ಕೆಟ್ಟು ವಾಪಸು ಬಂದವನ್ನು ಬಿಚ್ಚಿದರೆ ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿರುತ್ತಿತ್ತು. ಡೆಕ್ಕಿನ ಕಬ್ಬಿಣ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಆಮೇಲೆ ಮಳೆ ಹೊಯ್ದು ಎಣ್ಣೆಯ ಟ್ಯಾಂಕು ತಟ್ಟನೆ ತಣ್ಣಗಾದಾಗ ಹಸಿ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆಗೆ ನೀರು ಸೇರುತ್ತದೆ, ಒಳಗಿನ ಉಕ್ಕು ಸವೆಯುತ್ತದೆ. ಕಾಪಾಡಲೆಂದು ಮೋಟಾರಿಗೆ ಬಿಗಿಯಾಗಿ ಟಾರ್ಪಾಲು ಹೊದಿಸಿದರೆ ಅದರೊಳಗೆ ಇನ್ನಷ್ಟು ಬೆವರುತ್ತದೆ. ಇದೆಲ್ಲ ಸರಿ, ಆದರೆ ರಿಪೇರಿಯಾಗಿ ಹೋದ ವಾರದಲ್ಲೇ ಜಾರಿದ ಮೋಟಾರುಗಳೂ ಇದ್ದವು.

ಉತ್ತರ ಕಣ್ಣೆದುರಿಗೇ ಇತ್ತು. ಅಪ್ಪ ಪರೀಕ್ಷೆ ಮಾಡುತ್ತಿದ್ದದ್ದು ಬೆಳಿಗ್ಗೆ, ಪೂಜೆಯಾದ ಕೂಡಲೇ. ಮೋಟಾರಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ರಾಹುಕಾಲ ತಪ್ಪಿಸಿ ಕಲ್ಲು ಎತ್ತುತ್ತಿದ್ದ. ನಮ್ಮ ಕಡೆ ಪೂಜೆಯ ಹೊತ್ತನ್ನು ಯಾರು ಪ್ರಶ್ನಿಸುತ್ತಾರೆ? ಆ ತಣ್ಣನೆಯ ಹೊತ್ತಿನಲ್ಲಿ ಎಣ್ಣೆ ಜೇನಿನಷ್ಟು ಮಂದವಾಗಿರುತ್ತದೆ. ಸವೆದ ಸಂದಿಯಲ್ಲೂ ಸೋರುವುದಿಲ್ಲ. ಅದೇ ಎಣ್ಣೆ ಕಾದರೆ ತಿಳಿಸಾರಾಗಿ ಹರಿದುಹೋಗುತ್ತದೆ.

"ಅಪ್ಪಾ, ಮೋಟಾರ್ ಚೆನ್ನಾಗಿ ಓಡ್ಸಿ, ಎಣ್ಣೆ ಕಾದ್ಮೇಲೆ ಪರೀಕ್ಷೆ ಮಾಡಾಣ" ಎಂದೆ.

"ಒಳ್ಳೆ ಹೊತ್ನಲ್ಲಿ ಮಾಡೋ ಕೆಲ್ಸನ ಮಟಮಟ ಮಧ್ಯಾಹ್ನ ಮಾಡು ಅಂತೀಯಲ್ಲ, ನೀನೇನ್ ಮನೆಮಗಳೋ ಮಾರಿಯೋ?" ಎಂದು ಎಲ್ಲರೆದುರು ಗದರಿದ. ಸಂಜೆ ಒಬ್ಬನೇ ಸಿಕ್ಕಾಗ ಮತ್ತೆ ಕೇಳಿದೆ. ಆಗ ನಕ್ಕ. "ನಂಗ್ ಗೊತ್ತಿಲ್ವೇನೇ? ಕಾಸಿದ್ರೆ ಅರ್ಧ ಮೋಟಾರು ಇಳೀತವೆ. ಹಡಗಲ್ಲಿ ಬ್ರೇಕ್ ಇರ್ತದಲ್ಲ, ಹಿಡ್ಕೊಳ್ತದೆ ಬಿಡು. ಸುಮ್ಕಿರು" ಎಂದ. ಅವನು ತಿಳಿಯದೆ ಮಾಡುತ್ತಿದ್ದಾನೆ ಎಂದುಕೊಂಡಿದ್ದ ನಾನೇ ಪೆದ್ದಿ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಜೀಪೊಂದು ಬಂದು ನಿಂತಿತು. ದ್ವೀಪಗಳಿಗೆ ಅಕ್ಕಿ, ಸಿಮೆಂಟು ಸಾಗಿಸುವ ಸಣ್ಣ ಹಡಗಿನ ಯಜಮಾನ ಅದರಿಂದ ಇಳಿದ. ಹಿಂದೆ ನಮ್ಮಲ್ಲಿ ರಿಪೇರಿಯಾದ ಮೋಟಾರು ಜೀಪಿನಲ್ಲಿತ್ತು. ಅವನು ಕೂಗಾಡಲಿಲ್ಲ. ಫೋನು ತೆಗೆದು ಒಂದು ಫೋಟೋ ತೋರಿಸಿದ. ಆಸ್ಪತ್ರೆಯ ಮಂಚದ ಮೇಲೆ ಒಬ್ಬ ಹುಡುಗ, ಬಲಗೈ ಮೊಣಕೈಗೇ ಮುಗಿದಿತ್ತು.

"ಬ್ರೇಕಿನ ಪಟ್ಟಿ ತುಂಡಾಯ್ತು ಮಾರಾಯ್ರೆ. ಮೋಟಾರು ಹಿಡೀಲಿಲ್ಲ. ಮೇಲಿದ್ದ ಸರಕು ಇಳಿದು ಇವನ ಕೈ ಮೇಲೆ ಕೂತಿತು" ಎಂದ. "ನಾನು ಜಗಳಕ್ಕೆ ಬಂದದ್ದಲ್ಲ. ಇದನ್ನು ಬಿಚ್ಚದೆ ಹಾಗೇ ಕಟ್ಟಿ. ನಮ್ಮಲ್ಲಿ ಓಡುವ ಹಾಗೆ ಓಡಿಸಿ, ಬಿಸಿ ಮಾಡಿ. ಮತ್ತೆ ಕಲ್ಲಿನ ಕೆಳಗೆ ಕೂತು ಕಾಫಿ ಕುಡಿಯಿರಿ. ನೋಡುವಾ."

ಅಪ್ಪನ ಮುಖ ಸಣ್ಣಗಾಯಿತು. ಶೆಡ್ಡಿನ ತಗಡು ಬಿಸಿಲಿಗೆ ಟಪ್ ಟಪ್ ಎನ್ನುತ್ತಿತ್ತು. ಆಗಲ್ಲ ಎನ್ನುವ ಹಾಗಿಲ್ಲ. ಮೋಟಾರು ಕಟ್ಟಿ ಕಲ್ಲನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಓಡಿಸಿದೆವು. ಪೈಪು ಮುಟ್ಟಿದರೆ ಕೈ ಸುಡುವಷ್ಟಾದಾಗ ಯಜಮಾನ ಸಾಕೆಂದ. ಕಲ್ಲನ್ನು ಮೇಲೆ ನಿಲ್ಲಿಸಿ, ಮೋಟಾರಿಗೆ ಎಣ್ಣೆ ತಳ್ಳುವ ಪಂಪು ಆರಿಸಿದೆವು. ಎದುರಿನ ಹೋಟೆಲಿನಿಂದ ಕಾಫಿ ಬಂತು. ಅಪ್ಪ ಲೋಟವನ್ನು ಕೈಗೆ ತೆಗೆದುಕೊಂಡ. ಕಟ್ಟೆಯ ಕಡೆ ಒಮ್ಮೆ ನೋಡಿದ. ಆಮೇಲೆ ಲೋಟವನ್ನು ತಮ್ಮನ ಕಡೆ ಚಾಚಿದ.

"ಜೋಡ್ಸಿದವ್ನು ಕೂರ್ಬೇಕು, ಅದೇ ನಮ್ ಪದ್ಧತಿ. ಇದನ್ನ ಜೋಡ್ಸಿದ್ದು ಇವ್ನು. ಹೋಗ್ಲಾ, ಕೂತ್ಕ."

"ಸುಳ್ಳು! ಅದನ್ನ ಜೋಡ್ಸಿದ್ದು ನೀನು" ಎಂದು ನಾನು ಕಿರುಚಿದೆ. "ಮನೆಬಿಟ್ ಹೋದೋಳು ಬಾಯ್ ಮುಚ್ಚೇ" ಎಂದ ಅಪ್ಪ. ಯಜಮಾನನಿಗೆ ನಮ್ಮ ಜಗಳ ಬೇಕಿರಲಿಲ್ಲ. ಯಾರಾದರೂ ಒಬ್ಬರು ಕೂತರೆ ಅವನಿಗೆ ಸಾಕಿತ್ತು. ಇಷ್ಟರಲ್ಲಿ ತಮ್ಮ ಲೋಟ ಹಿಡಿದು ಹೋಗಿ ಕೂತೇಬಿಟ್ಟಿದ್ದ. ಅಪ್ಪ ಹೇಳಿದರೆ ಅವನ ಕಾಲು ತಾನಾಗಿ ಹೋಗುತ್ತಿತ್ತು.

ಕಲ್ಲು ಇಳಿಯುತ್ತಿದೆ ಎಂದು ಮೊದಲು ಗೊತ್ತಾಗಲಿಲ್ಲ. ಗೋಡೆಯ ಮೇಲಿನ ಅದರ ನೆರಳು ಕಿಟಕಿಯ ಸರಳನ್ನು ದಾಟಿದಾಗ ಗೊತ್ತಾಯಿತು. ತಮ್ಮ ಮೇಲೆ ನೋಡಿದ, ತಲೆ ತಗ್ಗಿಸಿದ. ಕಲ್ಲು ಇನ್ನಷ್ಟು ಬಂತು. ಅವನು ಬೆನ್ನು ಬಗ್ಗಿಸಿದ.

"ಅಲ್ಲಾಡ್ಬೇಡ, ನಿಂತ್ಕಳ್ತದೆ" ಎಂದ ಅಪ್ಪ. ಗಿರಾಕಿಯ ಎದುರು ಮಾನ ಹೋಗಬಾರದು, ಮಗನ ನೆತ್ತಿ ಹೋದರೂ ಸರಿ. ಇಂಥ ಅಪ್ಪ ಇದ್ದ ನನಗೆ. ಇದನ್ನು ಮೆತ್ತಗೆ ಮಾಡಿ ಬರೆಯಲು ನನ್ನಿಂದ ಆಗುವುದಿಲ್ಲ.

ನಾನು ಓಡಿಹೋಗಿ ತಮ್ಮನ ರಟ್ಟೆ ಹಿಡಿದು ಎಳೆದೆ. ಅವನು ಲೋಟ ಪಕ್ಕಕ್ಕಿಟ್ಟು ಎರಡೂ ಕೈಯಿಂದ ಕಟ್ಟೆಯ ಅಂಚು ಹಿಡಿದುಕೊಂಡಿದ್ದ. ಬೆರಳು ಬಿಡಿಸಲು ಆಗಲಿಲ್ಲ. ಕಣ್ಣು ಮಾತ್ರ ಅಪ್ಪನ ಮೇಲೆ ನೆಟ್ಟಿತ್ತು. ಕಲ್ಲು ಅವನ ಕೂದಲಿಗೆ ತಾಗಿತು.

"ಪಂಪು ಹಾಕಿ ಎತ್ತಿ!" ಎಂದ ಯಜಮಾನ. ಅಪ್ಪ ಸ್ವಿಚ್ಚಿನ ಹತ್ತಿರ ಹೋದವನು ನಿಂತುಬಿಟ್ಟ. ಅವನಿಗೂ ಗೊತ್ತು, ನನಗೂ ಗೊತ್ತು. ಸವೆದ ಮೋಟಾರು ಭಾರ ಎತ್ತುವ ಮುಂಚೆ, ಒತ್ತಡ ಸೇರುವ ತನಕ, ಒಂದು ಗೇಣು ಕೆಳಕ್ಕೆ ಕುಸಿದೇ ಮೇಲಕ್ಕೆ ಹೋಗುತ್ತದೆ. ಸ್ವಿಚ್ ಒತ್ತಿದರೆ ತಮ್ಮನ ಕತ್ತು ಮುರಿಯುತ್ತಿತ್ತು. ಅವನೇ ಎದ್ದು ಬರಬೇಕು, ಬೇರೆ ದಾರಿಯಿಲ್ಲ.

"ಏಳೋ" ಎಂದ ಅಪ್ಪ. ತಮ್ಮ ಏಳಲಿಲ್ಲ. "ಲೇ, ಏಳೋ, ಸಾಕು!" ತಮ್ಮ ಅಪ್ಪನನ್ನೇ ನೋಡುತ್ತ ಕೂತಿದ್ದ. ಅಪ್ಪನಿಗೆ ಏನು ಅರ್ಥವಾಯಿತೋ, ಮೊಣಕಾಲೂರಿ ಕುಸಿದ. ಯಜಮಾನನ ಕಡೆ ಕೈ ಮುಗಿದ.

"ನಾನೇ ಜೋಡ್ಸಿದ್ದು ಸ್ವಾಮಿ. ಅವ್ನು ಮುಟ್ಟೇ ಇಲ್ಲ. ತಣ್ಣಗಿದ್ದಾಗ ಯಾವ್ ಮೋಟಾರಾದ್ರೂ ಹಿಡೀತದೆ, ಅದ್ಕೇ ಬೆಳಿಗ್ಗೆನೇ ಮಾಡ್ತಿದ್ದೆ. ಗೊತ್ತಿದ್ದೇ ಮಾಡ್ದೆ. ಆ ಹುಡ್ಗನ್ ಕೈ ತಿಂದಿದ್ದು ನಾನೇ. ಹೇಳಾಯ್ತಲ್ಲೋ ಮಗನೇ, ಎದ್ ಬಾರೋ!"

ಆಗಲೂ ಅವನು ಏಳಲಿಲ್ಲ. ಕೊನೆಗೆ ಯಜಮಾನ ಬಂದು ಅವನ ಕಂಕುಳಿಗೆ ಕೈ ಹಾಕಿದ, ನಾನು ಕಾಲು ಹಿಡಿದೆ, ಇಬ್ಬರೂ ಸೇರಿ ಪಕ್ಕಕ್ಕೆ ಉರುಳಿಸಿದೆವು. ಅವನ ನೆತ್ತಿಯ ಚರ್ಮ ಕಿತ್ತು ರಕ್ತ ಬಂದಿತ್ತು. ಕಲ್ಲು ಕಟ್ಟೆಯ ಮೇಲಿದ್ದ ಸ್ಟೀಲು ಲೋಟವನ್ನು ನಿಧಾನವಾಗಿ ಚಪ್ಪಟೆ ಮಾಡಿತು. ಯಜಮಾನ ಅದನ್ನು ಕೊನೆಯ ತನಕ ನೋಡಿ, ಮೋಟಾರನ್ನು ಅಲ್ಲೇ ಬಿಟ್ಟು ಜೀಪು ಹತ್ತಿದ.

ಅಂದಿನಿಂದ ಶೆಡ್ಡು ತಮ್ಮನದಾಯಿತು. ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ, ಆಯಿತು ಅಷ್ಟೇ. ಈಗ ಪ್ರತಿ ಮೋಟಾರನ್ನೂ ಎಣ್ಣೆ ಕಾಸಿಯೇ ಪರೀಕ್ಷಿಸುತ್ತೇವೆ. ಒಳಗೆ ಸೋರಿದ ಎಣ್ಣೆಯನ್ನು ಡಬ್ಬದಲ್ಲಿ ಹಿಡಿದು ಅಳೆಯುತ್ತೇವೆ. ಟ್ಯಾಂಕಿನ ಗಾಳಿ ಬಾಯಿಗೆ ತೇವ ಹೀರುವ ಹರಳಿನ ಡಬ್ಬಿ ಕಟ್ಟಿ ಕಳಿಸುತ್ತೇವೆ, ಕೆಲಸವಿಲ್ಲದ ದಿನವೂ ಮೋಟಾರನ್ನು ಸ್ವಲ್ಪ ಹೊತ್ತು ಓಡಿಸಿ ಎಂದು ಹೇಳಿ ಕಳಿಸುತ್ತೇವೆ. ಕೆಟ್ಟು ಬರುವುದು ಕಡಿಮೆಯಾಗಿದೆ. ಕಲ್ಲಿನ ಕೆಳಗೆ ಯಾರೂ ಕೂರುವುದಿಲ್ಲ. ಆ ಹುಡುಗನ ಕೈ ಇದರಿಂದ ವಾಪಸು ಬರುವುದಿಲ್ಲ, ಅದೂ ನನಗೆ ಗೊತ್ತು.

ಅಪ್ಪ ಮೆತ್ತಗಾದ. ಸ್ಪ್ಯಾನರ್ ಮುಟ್ಟುವ ಮುಂಚೆ ಮಗನ ಮುಖ ನೋಡುತ್ತಿದ್ದ. ಹೋಟೆಲಿನಲ್ಲಿ ಕೂತು, "ನನ್ ಮಗನ್ದು ಕಲ್ಲೆದೆ ಕಣ್ರಪ್ಪಾ. ನನ್ ಬಾಯಿಂದ ನಿಜ ಬರೋಗಂಟ ಪ್ರಾಣ ಒತ್ತೆ ಇಟ್ಕೊಂಡ್ ಕೂತಿದ್ದ" ಎಂದು ಹೇಳಿಕೊಂಡು ತಿರುಗಿದ. ಅದರಲ್ಲಿ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ತಮ್ಮ ಒಂದು ದಿನ ನನ್ನನ್ನು ರೈಲಿಗೆ ಬಿಡಲು ಬಂದವನು ಪ್ಲಾಟ್‌ಫಾರಮ್ಮಿನಲ್ಲಿ ತಲೆ ತಗ್ಗಿಸಿ ನಿಂತ.

"ಅಕ್ಕಾ, ನಾನು ಹಠ ಹಿಡ್ಕೊಂಡು ಕೂತಿರ್ಲಿಲ್ಲ ಕಣೇ. ಸೊಂಟದಿಂದ ಕೆಳಗೆ ಏನೂ ಗೊತ್ತಾಗ್ತಿರ್ಲಿಲ್ಲ. ಹೆದ್ರಿಕೆಗೆ ಕಾಲೇ ಬಿದ್ದೋಗಿತ್ತು. ಅಪ್ಪ ಏನ್ ಹೇಳ್ದ ಅನ್ನೋದೂ ಕಿವಿಗ್ ಬೀಳ್ಲಿಲ್ಲ. ಅಪ್ಪಂಗೆ ಹೇಳ್ಬಿಡ್ಲಾ?"

"ಹೇಳಿದ್ರೆ ನಾಳೆ ಬೆಳಿಗ್ಗೆ ಮತ್ತೆ ನಿನ್ನ ಪುಕ್ಲ ಅಂತಾನೆ. ಉಸಿರು ಬಿಟ್ಟೀಯ, ಜೋಕೆ" ಎಂದೆ.

ಹೋದ ಮಳೆಗಾಲದಲ್ಲಿ ಅಪ್ಪ ತರೀಕೆರೆಯ ಆಸ್ಪತ್ರೆಯಲ್ಲಿ ಮಲಗಿದ. ನಾವಿಬ್ಬರೂ ಮಂಚದ ಪಕ್ಕ ಇದ್ದೆವು. ಅವನು ತಮ್ಮನ ಕೈ ಹಿಡಿದುಕೊಂಡು ಕೇಳಿದ: "ನಾನು ಅವತ್ತು ನಿಜ ಹೇಳ್ದೆ ಇದ್ದಿದ್ರೆ, ನೀನು ಏಳ್ತಿರ್ಲೇ ಇಲ್ವೇನೋ?"

ತಮ್ಮ ನನ್ನ ಮುಖ ನೋಡಿದ. ನಿಜ ಹೇಳಬೇಡ ಎಂದು ನಾನು ತಲೆಯಾಡಿಸಿದೆ.

"ಇಲ್ಲ ಅಪ್ಪಾ. ಏಳ್ತಿರ್ಲಿಲ್ಲ" ಎಂದ ತಮ್ಮ.

ಅಪ್ಪ ಅವನ ಕೈ ಬಿಟ್ಟು ಗೋಡೆಯ ಕಡೆ ಹೊರಳಿದ. ಅವನ ಬೆನ್ನು ಅಲುಗುವುದು ಕಾಣಿಸುತ್ತಿತ್ತು. ತಮ್ಮ ಏನೋ ಹೇಳಲು ಬಾಯಿ ತೆರೆದ. ಅಳಲಿ ಬಿಡು ಎಂದು ನಾನು ಅವನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದೆ.